ಕೆಂಪವ್ವ ಕಂಪನಿಯನ್ನು ಕೋರ್ಟಿಗೆ ಕರೆದದ್ದು

ಹತ್ತರಗಿಯ ಕೆಂಪವ್ವ ಹಳೇ ಬಟ್ಟೆ ಪಡೆದು ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರಿ. ಗಂಡ ತೀರಿಕೊಂಡ ಮೇಲೆ ತಲೆಯ ಮೇಲೆ ಬುಟ್ಟಿ, ಬಗಲಲ್ಲಿ ಗಂಟು ಹೊತ್ತು ಹುಕ್ಕೇರಿ, ಗೋಕಾಕ, ಮೂಡಲಗಿ ಸುತ್ತಿನ ಹಳ್ಳಿಗಳನ್ನೆಲ್ಲ ತಿರುಗಿ ಮಗಳನ್ನು ಓದಿಸಿದವಳು. ಯಾವ ಊರಲ್ಲಿ ಯಾರು ಕರೆದು ಚಹಾ ಕೊಡುತ್ತಾರೆ, ಯಾರು ತೂತು ಬಿದ್ದ ಸೀರೆಯನ್ನು ಜಾಣತನದಿಂದ ಮಡಿಸಿ ಕೊಡುತ್ತಾರೆ, ಎಲ್ಲ ಅವಳಿಗೆ ಗೊತ್ತು.

ಕಳೆದ ಬೇಸಿಗೆ ರಜೆಯಲ್ಲಿ ಮೂಡಲಗಿಯ ಮಗಳ ಮನೆಯಿಂದ ಮೊಮ್ಮಗಳು ನಂದಿನಿಯನ್ನು ಊರಿಗೆ ಕರೆದೊಯ್ಯುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಮಗು ಐಸ್‌ಕ್ಯಾಂಡಿಗಾಗಿ ರಚ್ಚೆ ಹಿಡಿಯಿತು. ಕೆಂಪವ್ವ ಅದನ್ನು ಹೆಗಲಿಗೆ ಹಾಕಿಕೊಂಡು ಬಸ್ ಹತ್ತಿದಳು. ಎದುರಿನ ಮೊಬೈಲ್ ಅಂಗಡಿಯ ಸ್ವಪ್ನಿಲ್ ಅದನ್ನು ಚಿತ್ರೀಕರಿಸಿ, ‘ಮಕ್ಕಳ ಕಳ್ಳಿ ಇರಬಹುದು, ಹುಷಾರ್’ ಎಂದು ಬರೆದು ಒಂದು ವಿಡಿಯೊ ಆ್ಯಪ್‌ಗೆ ಹಾಕಿದ. ಅಲ್ಲಿ ಅವನನ್ನು ಹಿಂಬಾಲಿಸುತ್ತಿದ್ದವರು ಬೆರಳೆಣಿಕೆಯ ಗೆಳೆಯರು ಮಾತ್ರ. ಆದರೆ ಆ್ಯಪ್ ಆ ವಿಡಿಯೊವನ್ನು ‘ನಿಮ್ಮ ಸಮೀಪ’ ಎಂಬ ಹೆಸರಿನಲ್ಲಿ ಸುತ್ತಲಿನ ಊರುಗಳ ಫೋನುಗಳಿಗೆಲ್ಲ ತಾನಾಗಿ ತಳ್ಳಿತು. ನೋಡಿದವರಿಗೆ ಅದರ ಬೆನ್ನಿಗೇ ಎಲ್ಲೆಲ್ಲಿಯದೋ ಮಕ್ಕಳ ಅಪಹರಣದ ವಿಡಿಯೊಗಳನ್ನು ತೋರಿಸಿತು.

ಸ್ಮಾರ್ಟ್‌ಫೋನ್ ಇಲ್ಲದ ಕೆಂಪವ್ವನಿಗೆ ಇದಾವುದೂ ತಿಳಿಯದು. ಅದೇ ವಾರ ನಾಗನೂರಿನ ಆಚೆಯ ಹಳ್ಳಿಯೊಂದಕ್ಕೆ ಹೋದಾಗ ಪರಿಚಯದ ಮನೆಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. “ಅಕಿನ ನೋಡ್ರಿ, ವಿಡಿಯೊದಾಗಿನಾಕಿ!” ಎಂದು ಯಾರೋ ಕೂಗಿದರು. ಜನ ಮುತ್ತಿದರು, ಗಂಟು ಕಿತ್ತು ಬಿಚ್ಚಿದರು, ಎಡಗೈ ಮುರಿಯುವಂತೆ ಹೊಡೆದರು. ಹಿಟ್ಟಿನ ಗಿರಣಿಯ ಕಲ್ಲಪ್ಪ ಅವಳನ್ನು ಒಳಗೆಳೆದು ಶಟರ್ ಹಾಕದಿದ್ದರೆ ಉಳಿಯುತ್ತಿರಲಿಲ್ಲ.

ಹೊಡೆದವರ ಮೇಲೆ ಕೇಸಾಯಿತು. ಸ್ವಪ್ನಿಲ್ ಆಸ್ಪತ್ರೆಗೆ ಬಂದು ಅತ್ತ. “ನಾ ಬರೇ ನಾಕ ಮಂದಿ ನೋಡ್ತಾರಂತ ಹಾಕಿದ್ದೆ ಅವ್ವಾ.”

“ಹಂಗಾರ ಉಳದ ಮಂದಿಗೆ ತೋರಿಸಿದವ್ರು ಯಾರು?” ಎಂದಳು ಕೆಂಪವ್ವ.

ಅದೇ ಪ್ರಶ್ನೆ ಹಿಡಿದು ಅವಳು ಹುಕ್ಕೇರಿಗೆ, ವಕೀಲೆ ಅನುರಾಧಾ ಅವರಲ್ಲಿಗೆ ಹೋದಳು. ಸ್ವಪ್ನಿಲ್ ಮೇಲಷ್ಟೇ ಅಲ್ಲ, ಆ್ಯಪ್ ನಡೆಸುವ ಕಂಪನಿಯ ಮೇಲೂ ದಾವೆ ಹೂಡಬೇಕು ಎಂದಳು. ಅನುರಾಧಾ ಮರೆಮಾಚಲಿಲ್ಲ. “ಮಂದಿ ಹಾಕಿದ್ದಕ್ಕ ಕಂಪನಿ ಹೊಣಿ ಅಲ್ಲ ಅಂತ ಕಾಯ್ದೆದಾಗ ಅವ್ರಿಗೆ ಒಂದ ಆಸರ ಐತ್ರಿ. ಭಾಳ ವರ್ಷ ಹಿಡೀಬಹುದು, ಸೋಲಬಹುದು.”

“ಹಿಡೀಲಿ. ನಾ ನಡಿಯಾಕ ಹುಟ್ಟಿದಾಕಿ.”

ಕಂಪನಿಯ ವಕೀಲರು ಬೆಂಗಳೂರಿನಿಂದ ಬಂದರು. ತಮ್ಮನ್ನು ಕೇಸಿನಿಂದ ಕೈಬಿಡಬೇಕೆಂದು ಕೋರಿ, “ನಮ್ಮ ಆ್ಯಪ್ ಊರ ಕಟ್ಟೆಯಿದ್ದಂತೆ. ಕುಳಿತವರ ಮಾತಿಗೆ ಕಟ್ಟೆ ಹೊಣೆಯಲ್ಲ” ಎಂದರು. ಚೆನ್ನಾಗಿಯೇ ವಾದಿಸಿದರು. ಹೊರಗೆ ಬಂದ ಮೇಲೂ ಆ ಮಾತು ಕೆಂಪವ್ವನನ್ನು ಬಿಡಲಿಲ್ಲ.

“ಬಾಯಾರ, ಕಟ್ಟಿ ಎದ್ದು ಮನಿಮನಿಗೆ ಹೋಗಿ ಚಾಡಿ ಹೇಳತೈತೇನ್ರಿ?” ಎಂದು ವಕೀಲೆಯನ್ನು ಕೇಳಿದಳು.

ಅನುರಾಧಾ ನಕ್ಕರು. ಮುಂದಿನ ವಾಯಿದೆಯಲ್ಲಿ ತಮ್ಮ ವಾದವನ್ನು ಅಲ್ಲಿಂದಲೇ ಶುರುಮಾಡಿದರು: ವಿಡಿಯೊ ಇಟ್ಟುಕೊಂಡದ್ದು ಬೇರೆ, ಕೇಳದವರ ಮುಂದೆ ಆರಿಸಿ ಹಿಡಿದದ್ದು ಬೇರೆ. ಆರಿಸಿದ್ದು ಕಂಪನಿಯ ಯಂತ್ರ.

ನ್ಯಾಯಾಧೀಶರು ಕಂಪನಿಯನ್ನು ಕೈಬಿಡಲಿಲ್ಲ. ಹೊಣೆ ಯಾರದೆಂಬುದು ವಿಚಾರಣೆಯಲ್ಲಿ ತೀರ್ಮಾನವಾಗಲಿ, ಆ ವಿಡಿಯೊ ಯಾರ್‍ಯಾರಿಗೆ ಹೇಗೆ ತಲುಪಿತೆಂಬ ದಾಖಲೆಯನ್ನು ಅಳಿಸಬಾರದು ಎಂದು ಆದೇಶಿಸಿದರು. ಈ ಆದೇಶದ ವಿರುದ್ಧ ಕಂಪನಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಿದೆ. ಕೇಸು ಅಲ್ಲಿ ಇನ್ನೂ ನಡೆಯುತ್ತಿದೆ.

ಕೈ ಕೂಡಿ, ಕೇಸು ಧಾರವಾಡಕ್ಕೆ ಹೋದ ಮೇಲೆ ಕೆಂಪವ್ವ ಅದೇ ಹಳ್ಳಿಗೆ ಮತ್ತೆ ಹೋದಳು. ಮಗಳು ಬೇಡವೆಂದರೂ ಕೇಳಲಿಲ್ಲ. ಮೊದಲ ಓಣಿಯಲ್ಲೇ ನಿಂತು “ಪಾತ್ರಿ ಬೇಕೇನ್ರೀ” ಎಂದು ಕೂಗಿದಳು. ಬಹಳ ಹೊತ್ತಿನ ಮೇಲೆ ಶಿವವ್ವ ಎಂಬಾಕೆ ಹಳೇ ಸೀರೆಗಳೊಂದಿಗೆ ಹೊರಗೆ ಬಂದು ತಲೆ ತಗ್ಗಿಸಿ ನಿಂತಳು.

“ಫೋನಿನ್ಯಾಗ ತೋರಿಸಿದ್ರು. ನಾವು ನಂಬಿದ್ವಿ.”

“ನಂಬಿದ್ದು ನಿನ್ನ ತಪ್ಪ. ತೋರಿಸಿದ್ದು ಅವ್ರ ತಪ್ಪ. ಅವ್ರನ್ನ ಧಾರವಾಡದಾಗ ಕೇಳ್ತೇನಿ, ನಿನ್ನ ಇಲ್ಲೇ ಕೇಳಾಕ ಬಂದೇನಿ” ಎಂದಳು ಕೆಂಪವ್ವ.

ಶಿವವ್ವ ಕಣ್ಣೊರೆಸಿಕೊಂಡಳು. ಕೆಂಪವ್ವ ಬುಟ್ಟಿ ಇಳಿಸಿ, ಸೀರೆಗಳನ್ನು ಒಂದೊಂದಾಗಿ ಬಿಚ್ಚಿ ಬೆಳಕಿಗೆ ಹಿಡಿದು ನೋಡತೊಡಗಿದಳು.