ವೆಲ್ಮಾ ಅತ್ತೆಯ ಚಿಕ್ಕ ಕೋವಿ

ಠಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಠಪ್. ನವೆಂಬರ್ ಬಂದರೆ ಹೊಳೆಯಾಚೆಯ ಗುರಿ ಮೈದಾನದಿಂದ ಈ ಸದ್ದು ಶುರುವಾಗುತ್ತದೆ. ಬೇಟೆಯ ದಿನ ಹತ್ತಿರವಾದಂತೆ ಊರಿನವರೆಲ್ಲ ಕಾಗದಕ್ಕೆ ಗುಂಡು ಹೊಡೆದು ಗುರಿ ಸರಿಪಡಿಸಿಕೊಳ್ಳುತ್ತಾರೆ. ಪೆನ್ಸಿಲ್ವೇನಿಯಾದ ಈ ಉತ್ತರದ ಬೆಟ್ಟಗಳಿಗೆ ಬಡಿದು ವಾಪಸು ಬರುವಾಗ ಸದ್ದು ಮೆತ್ತಗಾಗಿರುತ್ತದೆ. ಯಾರೋ ಹಿತ್ತಲಿನಲ್ಲಿ ಕಂಬಳಿ ಕೊಡವಿದ ಹಾಗೆ.

ಮೈದಾನಕ್ಕೆ ಅತಿ ಹತ್ತಿರದ ಮನೆ ನಮ್ಮ ವೆಲ್ಮಾ ಅತ್ತೆಯದು. ಅವಳು ಅಡುಗೆಮನೆಯ ಕಿಟಕಿಯ ಹತ್ತಿರ ಸೇಬು ಹೆಚ್ಚುತ್ತಾ ಕಿವಿಯಲ್ಲೇ ಗುರುತು ಹಿಡಿಯುತ್ತಾಳೆ.

"ಇದು ನಿಮ್ಮಪ್ಪಂದು ಕಣೇ. ದುಡ್ಡು ಕೊಟ್ಟು ಒದೆ ತಿನ್ನೋ ಕೋವಿ."

ಅಪ್ಪ ಹಾರ್ಲನ್ ಅವಳ ತಮ್ಮ. ಆನೆ ಬೀಳಿಸುವಂಥ ಕೋವಿ ಅವನದು. ಅದು ಹಿಂದಕ್ಕೆ ಒದ್ದಾಗ ಮೇಲಿನ ಸ್ಕೋಪು, ಅಂದರೆ ಗುರಿ ನೋಡುವ ದುರ್ಬೀನು, ಹುಬ್ಬಿಗೆ ಬಡಿದು ಅರ್ಧಚಂದ್ರದಂಥ ಗಾಯದ ಗುರುತು ಉಳಿದಿದೆ. ಏಣಿಯಿಂದ ಬಿದ್ದೆ ಎನ್ನುತ್ತಾನೆ. ಮೂರು ಸಲ ಬಿದ್ದಿದ್ದಾನೆ. ಮೂರು ಸಲವೂ ಅದೇ ಹುಬ್ಬು.

ಅತ್ತೆಗೆ ಅರವತ್ತೊಂದು ವಯಸ್ಸು. ಮೂವತ್ತು ವರ್ಷದಿಂದ ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಅವಳದೇ, ದಿನಕ್ಕೆ ನಾನೂರು ಮಕ್ಕಳಿಗೆ. ಎತ್ತರ ಐದು ಅಡಿಗಿಂತ ಒಂದೇ ಇಂಚು ಹೆಚ್ಚು. ದೊಡ್ಡ ಪಾತ್ರೆಗಳ ಹಿಂದೆ ನಿಂತರೆ ಬಿಳಿ ಟೊಪ್ಪಿ ಮಾತ್ರ ಓಡಾಡುತ್ತದೆ. ಗಂಡ ತೀರಿಕೊಂಡ ಮೇಲೆ ಮನೆಯಲ್ಲೂ ಅವಳಿಗೆ ಬಡಿಸುವವರಿಲ್ಲ. ವರ್ಷದಲ್ಲಿ ನಾಲ್ಕು ದಿನ ಮಾತ್ರ ಇನ್ನೊಬ್ಬರು ಬೇಯಿಸಿದ್ದನ್ನು ಕೂತು ಉಣ್ಣುತ್ತಾಳೆ. ಬೇಟೆಯ ಮೊದಲ ನಾಲ್ಕು ದಿನ, ಬೆಟ್ಟದ ಮೇಲಿನ ನಮ್ಮ ಮರದ ಗುಡಿಸಲಿನಲ್ಲಿ. ಅಪ್ಪನ ಆಲೂಗಡ್ಡೆ ಸೀದಿರುತ್ತದೆ, ಬೀನ್ಸ್ ತಳ ಹಿಡಿದಿರುತ್ತದೆ. ಎಲ್ಲರೂ ಗೊಣಗುವಾಗ ಅತ್ತೆಯೊಬ್ಬಳು ಎರಡನೇ ಸಲ ಹಾಕಿಸಿಕೊಳ್ಳುತ್ತಾಳೆ. ರುಚಿಗಲ್ಲ. ತಟ್ಟೆ ತಾನಾಗಿ ಎದುರಿಗೆ ಬಂತಲ್ಲ, ಅದಕ್ಕೆ.

ಆ ತಟ್ಟೆಗೇ ಈ ವರ್ಷ ಕುತ್ತು ಬಂದಿತ್ತು.

ಗುಂಡು ಹಾರಿಸಿದರೂ ಜಿಂಕೆ ತಪ್ಪಿಸಿಕೊಂಡರೆ, ಹಾರಿಸಿದವರ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ, ಹೆಸರು ಬರೆದು ಗುಡಿಸಲಿನ ಗೋಡೆಗೆ ಮೊಳೆ ಹೊಡೆಯುವುದು ನಮ್ಮ ಕಡೆಯ ಪದ್ಧತಿ. ಅಜ್ಜ ಅದಕ್ಕೆ ತನ್ನದೊಂದು ಕಾನೂನು ಸೇರಿಸಿದ್ದ. ಮೂರು ವರ್ಷ ಸಾಲಾಗಿ ಅಂಗಿ ಕಳೆದುಕೊಂಡವರು ಕೋವಿಯನ್ನು ಗೂಟಕ್ಕೆ ಹಾಕಿ ಸೌಟು ಹಿಡಿಯಬೇಕು. ಅಜ್ಜನ ತಮ್ಮನೊಬ್ಬನಿಗೆ ಹಾಗೆ ಹಿಡಿದ ಸೌಟನ್ನು ಸಾಯುವವರೆಗೂ ಕೆಳಗಿಡಲಾಗಲಿಲ್ಲ. ಅತ್ತೆಯ ಎರಡು ಚೂರು ಆಗಲೇ ಗೋಡೆಯ ಮೇಲಿದ್ದವು. ಹೋದ ವರ್ಷದ್ದು ಹಸಿರು ಚೌಕಳಿ, ಅದರ ಹಿಂದಿನದು ನೀಲಿ.

ತಪ್ಪು ಅವಳ ಕೈಯದಲ್ಲ. ಅಜ್ಜ ಮಗನನ್ನು ಬಿಟ್ಟು ಮಗಳಿಗೆ ಕೊಟ್ಟುಹೋದ ಹಳೆಯ ಕೋವಿಯ ತುದಿಯಲ್ಲಿ ಜೋಳದ ಕಾಳಿನಷ್ಟು ಗುರಿಮಣಿ ಇದೆ. ಕನ್ನಡಕ ಹಾಕಿದರೆ ಮಣಿ ಸ್ಪಷ್ಟ, ಜಿಂಕೆ ಮಂಜು. ತೆಗೆದರೆ ಜಿಂಕೆ ಸ್ಪಷ್ಟ, ಮಣಿಗೆ ರೋಮ ಬೆಳೆದಂತೆ. ಅದರ ಮೇಲೆ ಸ್ಕೋಪು ಕೂರಿಸೋಣವೆಂದರೆ ಆ ಕೋವಿ ಖಾಲಿ ತೋಟೆಯನ್ನು ತನ್ನ ನೆತ್ತಿಯಿಂದಲೇ, ಸ್ಕೋಪು ಕೂರಬೇಕಾದ ಜಾಗದಿಂದ, ಉಗುಳುತ್ತದೆ. ಹೊಸದು ಕೊಳ್ಳಲೇಬೇಕಿತ್ತು. ಸೇಬು ತುಂಬಿ ಬೇಯಿಸಿದ ಸಿಹಿ ಪೈ ಮಾರಿ ಕೂಡಿಸಿದ ಐನೂರು ಡಾಲರಿನಲ್ಲಿ ಕೋವಿ, ಸ್ಕೋಪು ಎರಡೂ ಮುಗಿಯಬೇಕಿತ್ತು.

"ನನ್ನಂಥದ್ದೇ ತಗೋ," ಎಂದ ಅಪ್ಪ, ಅವಳ ಪೈಯನ್ನೇ ತಿನ್ನುತ್ತಾ. "ಎಲ್ಲಿ ಬಿದ್ರೂ ಜಿಂಕೆ ಉರುಳುತ್ತೆ."

"ಜಿಂಕೆ ಉರುಳುತ್ತೋ, ನಾನು ಉರುಳ್ತೀನೋ? ನನ್ನ ಕೈಗೆ ಸೌಟು ಕೊಡಿಸೋಕೆ ನೀನು ಹೂಡಿರೋ ಉಪಾಯ ಅಲ್ಲ ತಾನೆ ಇದು?"

"ಛೇ, ಛೇ. ಆದ್ರೂ ನಿನ್ನ ಕೈರುಚಿ ಬೆಟ್ಟದ ಮೇಲೂ ಸಿಕ್ಕಿದ್ರೆ ನಾವೇನು ಬೇಡ ಅಂತೀವಾ?"

"ಬಾಯಲ್ಲಿ ಪೈ ಇಟ್ಕೊಂಡು ಸುಳ್ಳು ಹೇಳ್ಬೇಡ ಕಣೋ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ."

ಶುಕ್ರವಾರ ಶಾಲೆ ಬಿಟ್ಟ ಮೇಲೆ ನಾವು ಮೂವರೂ ಗಸ್‌ನ ಅಂಗಡಿಗೆ ಹೋದೆವು. ಗಸ್ ಮುದುಕ. ತಂದೆಯ ಕಾಲದಿಂದ ಕೋವಿ ಮಾರುವವನು. ಅತ್ತೆಯ ಐನೂರು ಕೇಳಿ ಗಡ್ಡ ಕೆರೆದುಕೊಂಡ.

"ನೋಡಮ್ಮ ವೆಲ್ಮಾ, ಇಲ್ಲಿ ಬರೋರೆಲ್ಲ ಒಂದೇ ತಪ್ಪು ಮಾಡ್ತಾರೆ. ದುಡ್ಡೆಲ್ಲ ಕೋವಿಗೆ ಸುರಿದು, ಉಳಿದ ಚಿಲ್ಲರೇಲಿ ಸ್ಕೋಪಿನ ಗಾಜು ತಗೋತಾರೆ. ಆಮೇಲೆ ಸಾಯಂಕಾಲದ ಮಬ್ಬಲ್ಲಿ ಪೊದೆಗೆ ಗುಂಡು ಹೊಡೀತಾರೆ."

ಅಪ್ಪ ಗೋಡೆಯ ಮೇಲಿನ ಕೋವಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಹಾಗಾದ್ರೆ ಮೊದಲು ಗಾಜು ತೋರಿಸು. ಈ ದೀಪದ ಕೆಳಗೆ ಬೇಡ," ಎಂದಳು ಅತ್ತೆ. "ದೀಪದ ಕೆಳಗೆ ಹಳಸಿದ ಮೀನೂ ಹೊಳೆಯುತ್ತೆ."

ಗಸ್ ಮೂರು ಸ್ಕೋಪುಗಳನ್ನು ಹಿಂದಿನ ಜಗಲಿಗೆ ತಂದ. ಬಿಸಿಲು ಬೆಟ್ಟದ ಹಿಂದೆ ಇಳಿದು, ಹಿಮ ಬೀಳುವ ಮೊದಲಿನ ನೀಲಿ ಕತ್ತಲು ರಸ್ತೆಯ ಮೇಲೆ ಹರಡುತ್ತಿತ್ತು. ಅತ್ತೆ ಒಂದೊಂದನ್ನೇ ಕಣ್ಣಿಗೆ ಹಿಡಿದು ದೂರದ ಚರ್ಚಿನ ಮುಂದಿನ ಫಲಕ ನೋಡಿದಳು. ಅಗ್ಗದ್ದರಲ್ಲಿ ಎಲ್ಲವೂ ಪಾತ್ರೆ ತೊಳೆದ ನೀರಿನಂತೆ. ಮಧ್ಯದ್ದರಲ್ಲಿ ಅಕ್ಷರಗಳು ಒಂದೊಂದಾಗಿ ಎದ್ದು ನಿಂತವು.

"'ಭಾನುವಾರ ಸೂಪ್ ಊಟ, ಎಲ್ಲರಿಗೂ ಸ್ವಾಗತ.' ಆ ಸೂಪ್ ನಾನೇ ಮಾಡ್ಬೇಕು," ಎಂದಳು.

"ದುಬಾರಿದೂ ನೋಡು. ಫಲಕದ ಮೊಳೆ ಕೂಡ ಕಾಣುತ್ತೆ."

"ಮೊಳೆ ಬೇಯಿಸೋಕಾಗಲ್ಲ ಗಸ್. ಮಧ್ಯದ್ದು ಸಾಕು."

ಅದಕ್ಕೆ ಇನ್ನೂರು ಹೋಯಿತು. ಉಳಿದದ್ದರಲ್ಲಿ ಕೋವಿ. ಗಸ್ ಕೊಟ್ಟದ್ದನ್ನೆಲ್ಲ ಅತ್ತೆ ಭುಜಕ್ಕೆ ಏರಿಸಿ ಇಳಿಸಿದಳು. ಎಲ್ಲದರ ಹಿಡಿಯೂ ಉದ್ದ. ಕೆನ್ನೆ ಒರಗಿಸಲು ಒಂಟೆಯಂತೆ ಕತ್ತು ಚಾಚಬೇಕಾಗಿತ್ತು. ಅಪ್ಪ ನಗು ತಡೆಯಲು ಬಾಯಿಯನ್ನು ಕೈಯಿಂದ ಮುಚ್ಚಿಕೊಂಡಿದ್ದ.

ಆಗ ಅವಳ ಕಣ್ಣು ಬಾಗಿಲ ಮೂಲೆಗೆ ಹೋಯಿತು. ಅಲ್ಲೊಂದು ಗಿಡ್ಡ ಕೋವಿ ಒರಗಿತ್ತು.

"ಅದು ಬೇಡಮ್ಮ," ಗಸ್ ಮುಜುಗರಪಟ್ಟ. "ಹನ್ನೆರಡು ವರ್ಷದ ಮಕ್ಕಳಿಗೆ ಮಾಡಿದ್ದು. ಸೋರೆನ್ಸನ್ ಹುಡುಗಂದು. ಒಂದೇ ಬೇಸಿಗೇಲಿ ನಾಲ್ಕು ಇಂಚು ಬೆಳೆದುಬಿಟ್ಟ, ಅವರಪ್ಪ ಮೊನ್ನೆ ತಂದಿಟ್ಟು ಹೋದ."

ಅತ್ತೆ ಅದನ್ನು ಎತ್ತಿಕೊಂಡಳು. ಕಣ್ಣು ಮುಚ್ಚಿ ಭುಜಕ್ಕೆ ಏರಿಸಿದಳು. ಅವಳ ಅಳತೆ ಕೊಟ್ಟು ಹೊಲಿಸಿದಂತೆ ಅದು ಕೂತಿತು.

ಅಪ್ಪನಿಗೆ ಇನ್ನು ತಡೆಯಲಾಗಲಿಲ್ಲ. "ಲೇ ವೆಲ್ಮಾ, ಅದರ ಜೊತೆ ಹಾಲಿನ ಬಾಟಲೂ ಕೊಡ್ತಾರಂತೆ, ಕೇಳು."

"ಕೊಟ್ರೆ ನಿನಗೆ ಕೊಡ್ತೀನಿ, ಹುಬ್ಬಿಗೆ ಒತ್ತಿಕೋ." ಮತ್ತೆ ಗಸ್‌ನ ಕಡೆ ತಿರುಗಿದಳು. "ಇದು ಮೆತ್ತಗೆ ಒದೆಯುತ್ತೆ ಅಲ್ವಾ?"

"ಬೆಕ್ಕಿನ ಮರಿ ಥರ. ಜಿಂಕೆಗೆ ಧಾರಾಳ ಸಾಕು. ಗುಂಡು ಜಾಗಕ್ಕೆ ಬೀಳಬೇಕು ಅಷ್ಟೆ. ಹೊಸದಾಗಿದ್ರೆ ಇನ್ನೂ ನೂರು ಜಾಸ್ತಿ ಆಗ್ತಿತ್ತು. ಮಕ್ಕಳ ಕೋವಿ, ಮಕ್ಕಳ ಬೂಟು, ಎರಡೂ ಸವೆಯೋ ಮೊದಲೇ ಸಣ್ಣದಾಗುತ್ತೆ."

"ಆ ಹುಡುಗನಿಗೆ ದಿನಾ ಮೂರು ಸಲ ಹಾಕಿಸಿಕೊಳ್ಳೋ ಚಟ," ಅತ್ತೆ ಹೇಳಿದಳು. "ಬೆಳೆಸಿದವಳು ನಾನು. ಕೋವಿ ನನಗೇ ಬರಬೇಕು."

ಗಸ್ ಅಲ್ಲಿಯೇ ಸ್ಕೋಪು ಕೂರಿಸಿದ. ಅತ್ತೆ ಕಣ್ಣು ಮುಚ್ಚಿ ಕೋವಿ ಏರಿಸಿ, ಕಣ್ಣು ತೆರೆದು ನೋಡುವುದು. ಅವನು ಸ್ವಲ್ಪ ಹಿಂದೆ ಸರಿಸುವುದು, ಮುಂದೆ ಸರಿಸುವುದು. ಕಡೆಗೆ, ಹುಬ್ಬಿಗೂ ಗಾಜಿಗೂ ನಾಲ್ಕು ಬೆರಳಿನ ಅಂತರವಿದ್ದಾಗ, ತುಂಬು ಚಂದ್ರನಂಥ ವೃತ್ತ ಅವಳಿಗೆ ಕಾಣಿಸಿತು. "ಹಾಂ, ಬಂತು," ಎಂದಳು ಮೆಲ್ಲಗೆ. ಮುಂದಿನ ಶನಿವಾರ ಮೈದಾನದಲ್ಲಿ ಶಾಲೆಯ ಕಾಗದದ ತಟ್ಟೆಗೆ ಮೂರು ಗುಂಡು ಹೊಡೆದಳು. ಮೂರು ತೂತನ್ನೂ ಒಂದು ಬಿಸ್ಕತ್ತು ಮುಚ್ಚುತ್ತಿತ್ತು. ಅಪ್ಪ ತಟ್ಟೆ ತಿರುಗಿಸಿ ತಿರುಗಿಸಿ ನೋಡಿ, "ತಟ್ಟೆ ಓಡಲ್ಲವಲ್ಲ," ಎಂದ.

ಬೇಟೆಯ ಮುಂಜಾನೆ ಗುಡಿಸಲಿನಲ್ಲಿ ಅತ್ತೆ ಅಜ್ಜನ ಕೋವಿಯನ್ನು ಒರೆಸಿ, ಬಾಗಿಲ ಮೇಲಿನ ಗೂಟಕ್ಕೆ ಹಾಕಿದಳು. ಅದರ ಮರದ ಹಿಡಿಯ ಮೇಲೆ ಸ್ವಲ್ಪ ಹೊತ್ತು ಅಂಗೈ ಇಟ್ಟಿದ್ದಳು. ಆಮೇಲೆ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು, ಚಿಕ್ಕ ಕೋವಿ ಹಿಡಿದು ಹಿಮದಲ್ಲಿ ಹೊರಟಳು. ಹಿಂದಿನಿಂದ ನೋಡಿದರೆ ಶಾಲೆಗೆ ಹೊರಟ ಹುಡುಗಿ.

ಅಂದು ಅಡುಗೆ ಪಾಳಿ ಅಪ್ಪನದು. ನಾನು ಅವನ ಜೊತೆ ಆಲೂಗಡ್ಡೆ ಸುಲಿಯುತ್ತಿದ್ದೆ. ಎಂಟೂವರೆಗೆ ಅತ್ತೆ ಕೂತ ದಿಬ್ಬದಿಂದ ಒಂದು ಸದ್ದು ಬಂತು. ಅಪ್ಪ ಚಾಕು ಹಿಡಿದ ಕೈ ಹಾಗೇ ನಿಲ್ಲಿಸಿದ.

ನಮ್ಮಲ್ಲೊಂದು ಮಾತಿದೆ: ಒಂದು ಸದ್ದಾದರೆ ಜಿಂಕೆ, ಎರಡಾದರೆ ಅನುಮಾನ, ಮೂರಾದರೆ ಬರೀ ಗಾಳಿ. ಇಬ್ಬರೂ ಕಾದೆವು. ಒಲೆಯಲ್ಲಿ ಕಟ್ಟಿಗೆ ಸಿಡಿಯಿತು. ಎರಡನೆಯದು ಬರಲಿಲ್ಲ.

"ಒಂದೇ ಗುಂಡಲ್ಲೂ ತಪ್ಪಿರಬಹುದು," ಎಂದ ಅಪ್ಪ. ಎದ್ದು ಗೋಡೆಯ ಕತ್ತರಿ ತಂದು ಮೇಜಿನ ಮೇಲಿಟ್ಟ. ಮೊಳೆಯನ್ನೂ ಆರಿಸಿಟ್ಟ.

ಹತ್ತು ಗಂಟೆಗೆ ಅತ್ತೆ ಬಂದಳು. ಬೂಟಿನ ಹಿಮ ಕೊಡವಿದಳು. ಕೋವಿ ಖಾಲಿ ಮಾಡಿ ಮೂಲೆಗಿಟ್ಟು, ಬೆಂಚಿನ ಮೇಲೆ ಕೂತಳು. ಅಪ್ಪ ಕತ್ತರಿ ಎತ್ತಿಕೊಂಡು ಗಾಳಿಯಲ್ಲಿ ಎರಡು ಸಲ ಆಡಿಸಿದ.

"ತಿರುಗಿ ಕೂರು ವೆಲ್ಮಾ. ಈ ವರ್ಷದ್ದು ಕೆಂಪು ಚೌಕಳಿ, ಗೋಡೆಗೆ ಚೆನ್ನಾಗಿ ಒಪ್ಪುತ್ತೆ."

"ಮೊದಲು ಕಾಫಿ ಕೊಡು."

ಅಪ್ಪ ಕೊಟ್ಟ. ಲೋಟ ಹಿಡಿಯಲು ಅವಳು ಕೈಗವಸು ತೆಗೆದಾಗ ನಾನು ನೋಡಿದೆ. ಹಿಮದಲ್ಲಿ ಉಜ್ಜಿ ತೊಳೆದ ಕೈ, ಆದರೂ ಉಗುರಿನ ಸಂದಿಯಲ್ಲಿ ಕೆಂಪು. ಅಪ್ಪನೂ ನೋಡಿದ. ಕತ್ತರಿ ಮೆಲ್ಲಗೆ ಮೇಜಿಗೆ ಇಳಿಯಿತು.

"ಎಷ್ಟು ದೂರ ಓಡ್ತು?" ಎಂದ ಸಣ್ಣ ದನಿಯಲ್ಲಿ.

"ಎರಡು ಹೆಜ್ಜೆ." ಅತ್ತೆ ಕಾಫಿ ಮುಗಿಸಿ ಎದ್ದು, ಗೂಟದಿಂದ ಹಗ್ಗ ತೆಗೆದು ಭುಜಕ್ಕೆ ಹಾಕಿಕೊಂಡಳು. ನನ್ನ ಕಡೆ ನೋಡಿ, "ಜಾರುಗಾಡಿ ತಗೊಂಡು ಬಾರೇ, ಎಳೆಯೋಕೆ ಇಬ್ಬರು ಬೇಕು," ಎಂದಳು. ಬಾಗಿಲ ಹತ್ತಿರ ನಿಂತು ಒಲೆಯ ಮೇಲಿನ ಬಾಣಲೆಯತ್ತ ಮೂಗು ಏರಿಸಿದಳು. "ಹಾರ್ಲನ್, ಆಗಲೇ ಸೀಯ್ತಾ ಇದೆ. ಇರಲಿ, ನನಗೆ ಹಾಗೇ ಇಷ್ಟ. ದೊಡ್ಡ ತಟ್ಟೇಲಿ ಹಾಕಿಡು, ಬೀನ್ಸ್ ಪಕ್ಕಕ್ಕೆ, ಮೇಲೆ ಸುರೀಬೇಡ. ಬ್ರೆಡ್ಡಿಗೆ ಬೆಣ್ಣೆ ನೀನೇ ಹಚ್ಚಿಡು, ನಾನು ಬರೋಷ್ಟ್ರಲ್ಲಿ ಎಲ್ಲ ಮೇಜಿನ ಮೇಲೆ ಇರಲಿ, ಯಾಕಂದ್ರೆ ನಾನು ಇನ್ನು ನಾಲ್ಕು ದಿನ ಒಂದು ಚಮಚ ಕೂಡ ಎತ್ತಲ್ಲ," ಎನ್ನುತ್ತಾ ಅವಳು ಹಿಮಕ್ಕೆ ಇಳಿದಳು.