ಕಪಾಟು ಯಾವುದು, ಸಾಲು ಯಾವುದು

ಮೈದಾ ಅಂಟಿಗೆ ಹುಳ ಬೀಳದಂತೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸುವಾಗ ಒಂದು ವಾಸನೆ ಏಳುತ್ತದೆ. ಮೊಮ್ಮಗಳ ಪುಸ್ತಕದ ಬೆನ್ನು ಹರಿದಿತ್ತೆಂದು ಕಳೆದ ವಾರ, ಬಹಳ ವರ್ಷಗಳ ನಂತರ, ಆ ಅಂಟು ಕಾಯಿಸಿದೆ. ವಾಸನೆ ಮೂಗಿಗೆ ಬಡಿದದ್ದೇ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮುಂಬಯಿ ಕುರ್ಲಾದ ನಮ್ಮ ಲೈಬ್ರರಿಯಲ್ಲಿ ಎಲ್ಲವೂ ಸರಿಯಾಗಿದ್ದ ಕೊನೆಯ ಮಧ್ಯಾಹ್ನವೂ ಇದೇ ವಾಸನೆ ಇತ್ತು…

ಆಗಿನ್ನೂ ತೊಂಬತ್ತರ ದಶಕ ಶುರುವಾಗಿತ್ತಷ್ಟೇ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಸ್ವಲ್ಪ ಕಲಿತು, ಮದುವೆಯಾಗಿ ಉಡುಪಿ ಕಡೆಯಿಂದ ಬಂದವಳು. ಗಂಡ ಬೈಕುಲ್ಲಾದ ಹೋಟೆಲಿಗೆ ಬೆಳಕು ಹರಿಯುವ ಮೊದಲೇ ಹೋಗುತ್ತಿದ್ದರು. ನಮ್ಮ ಚಾಳಿನ ಕೊನೆಯ ಖೋಲಿಯಲ್ಲಿ ಮಾಸ್ಟ್ರು ಒಬ್ಬರೇ ಇದ್ದರು. ಮೊದಲು ನೈಟ್ ಸ್ಕೂಲಿನಲ್ಲಿ ಹೋಟೆಲ್ ಕೆಲಸಗಾರರಿಗೆ ಪಾಠ ಹೇಳಿದವರು. ಆಮೇಲೆ ಸ್ಟೇಷನ್ ಹಿಂದಿನ ಕನ್ನಡ ಸಾರ್ವಜನಿಕ ಲೈಬ್ರರಿ ನೋಡಿಕೊಳ್ಳುತ್ತಿದ್ದರು. "ಮನೆಯಲ್ಲಿ ಗೋಡೆ ನೋಡ್ತಾ ಎಂತ ಮಾಡ್ತಿ ತಂಗಿ, ಬಂದು ಹರಿದ ಪುಸ್ತಕ ಅಂಟಿಸು" ಎಂದು ನನ್ನನ್ನು ಕರೆದುಕೊಂಡು ಹೋದವರು ಅವರೇ.

ಲೈಬ್ರರಿ ಹಲವು ಸಲ ಕೋಣೆ ಬದಲಿಸಿತ್ತು. ಪ್ರತಿ ಸಲವೂ ಕೋಣೆ ಚಿಕ್ಕದಾಗುತ್ತಿತ್ತು, ಪುಸ್ತಕ ಹೆಚ್ಚುತ್ತಿತ್ತು. ಕಪಾಟುಗಳಲ್ಲಿ ಒಂದು ಸಾಲಿನ ಹಿಂದೆ ಇನ್ನೊಂದು ಸಾಲು, ಬೆಂಚುಗಳ ಕೆಳಗೆ ಟ್ರಂಕು, ತಲೆಯ ಮೇಲೆ ಅಟ್ಟ. ಯಾವುದು ಎಲ್ಲಿದೆ ಎಂದು ಯಾರೂ ಬರೆದಿಟ್ಟಿರಲಿಲ್ಲ. ಮಾಸ್ಟ್ರು ಇದ್ದರಲ್ಲ! ಓದುಗರು ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅವರ ಕೈ ಎದುರಿನ ಸಾಲು ದಾಟಿ ಹಿಂದಿನಿಂದ ಪುಸ್ತಕ ಎಳೆದಿರುತ್ತಿತ್ತು. ಯಾವ ಪುಸ್ತಕ ಬೇಕೆಂದು ಗೊತ್ತಿಲ್ಲದವರಿಗೆ ಮುಖ ನೋಡಿ ಕೊಡುತ್ತಿದ್ದರು. ಅದೂ ತಪ್ಪುತ್ತಿರಲಿಲ್ಲ.

ಆ ಮಧ್ಯಾಹ್ನ ಮೂಲೆಯ ಸ್ಟೋವಿನಲ್ಲಿ ಅಂಟು ಕುದಿಯುತ್ತಿತ್ತು. ಜೋಗೇಶ್ವರಿಯ ಕಾರ್ಖಾನೆಯೊಂದರಲ್ಲಿದ್ದ ಹಳೆಯ ಓದುಗರೊಬ್ಬರು ಬಂದು ಪುಸ್ತಕ ಕೇಳಿದರು. ಮಾಸ್ಟ್ರು ಎದ್ದು ಕಪಾಟಿನ ಮುಂದೆ ನಿಂತು ಕೈ ಎತ್ತಿದರು. ಕೈ ಅಲ್ಲೇ ಉಳಿಯಿತು. ಕಪಾಟನ್ನು ನೋಡಿದರು, ಕೈಯನ್ನು ನೋಡಿದರು…

"ನಾಳೆ ಬನ್ನಿ" ಎಂದರು.

"ನಾಳೆಯಾ? ಲೋಕಲ್ ಟ್ರೈನು ಬದಲಿಸಿ ಬರ್ಬೇಕು ಮಾಸ್ಟ್ರೇ. ನಿಮಗೂ ಸರ್ಕಾರಿ ಆಫೀಸಿನ ಗಾಳಿ ಬಡೀತಾ?"

ಇಬ್ಬರೂ ನಕ್ಕರು. ನಾನೂ ನಕ್ಕೆ. ಆದರೆ ಕೆಲವು ದಿನಗಳ ನಂತರ ಚಾಳಿನ ಮೆಟ್ಟಿಲ ಕೆಳಗೆ ಅವರು ನನ್ನನ್ನು ತಡೆದು, "ತಂಗಿ, ಸ್ಟೇಷನ್ ಯಾವ ಕಡೆ?" ಎಂದು ಕೇಳಿದರು. ತಮಾಷೆಯ ಮುಂದಿನ ಮಾತಿಗಾಗಿ ಕಾದೆ. ಮುಂದಿನ ಮಾತು ಬರಲಿಲ್ಲ. ಅವರ ಹಣೆಯಲ್ಲಿ ಬೆವರಿತ್ತು.

ಡಾಕ್ಟರ ಬಳಿ ಹೋಗಿಬಂದು ನನಗೊಬ್ಬಳಿಗೇ ಹೇಳಿದರು. ಮರೆವಿನ ಕಾಯಿಲೆ, ಮದ್ದಿಲ್ಲ. "ಕಮಿಟಿಯವರಿಗೆ ಗೊತ್ತಾಗಬಾರ್ದು. ಗೊತ್ತಾದ್ರೆ ಶಾಲು ಹೊದಿಸಿ ಮನೆಗೆ ಕಳಿಸ್ತಾರೆ. ಪುಸ್ತಕಗಳ ಜಾಗ ಎಲ್ಲ ನನ್ನೊಟ್ಟಿಗೇ ಹೋಗ್ತದೆ. ಅದನ್ನು ತೆಗೆದಿಟ್ಟು ಹೋಗ್ಬೇಕು, ಬೇಗ."

ಅದೇ ಸಮಯಕ್ಕೆ ಲೈಬ್ರರಿಗೆ ಕಂಪ್ಯೂಟರ್ ಬಂದಿತ್ತು. ಹೋಟೆಲ್ ಮಾಲೀಕರಾಗಿದ್ದ ನಮ್ಮ ಅಧ್ಯಕ್ಷರು ಗುರುತಿನವರ ಆಫೀಸಿನಿಂದ ಹಳೆಯದೊಂದನ್ನು ಕೊಡಿಸಿದ್ದರು. ಪುಸ್ತಕಗಳ ವಿವರ ತುಂಬಿಸಲು ಯಾವ ಸಿಸ್ಟಮ್ ತೆಗೆದುಕೊಳ್ಳುವುದು ಎಂಬುದಷ್ಟೇ ಬಾಕಿ. ಎರಡು ಇದ್ದವು. ಒಂದರಲ್ಲಿ ಕನ್ನಡ ಅಕ್ಷರ ಮೂಡುತ್ತಿತ್ತು. ಆದರೆ ಅದಕ್ಕೆ ಕಂಪ್ಯೂಟರಿನ ಒಳಗೆ ಬೇರೊಂದು ಕಾರ್ಡ್ ಕೂರಿಸಬೇಕು, ಅದು ಬರಲು ಆರು ತಿಂಗಳಾದರೂ ಬೇಕು. ಇನ್ನೊಂದು ಬರೀ ಇಂಗ್ಲಿಷ್. ಅದರ ಫ್ಲಾಪಿಗಳು ಮೇಜಿನ ಮೇಲೇ ಇದ್ದವು.

ಮಾಸ್ಟ್ರು ಕನ್ನಡದ್ದೇ ಆರಿಸುತ್ತಾರೆಂದು ಎಲ್ಲರೂ ತಿಳಿದಿದ್ದರು. ಲೈಬ್ರರಿಯ ಬೋರ್ಡನ್ನು ಇಂಗ್ಲಿಷಿನಲ್ಲಿ ಬರೆಸಿದಾಗ ಅದನ್ನು ಇಳಿಸುವವರೆಗೂ ಬಾಗಿಲು ತೆರೆಯದೆ ಕೂತವರು ಅವರು. ಆ ಭಾನುವಾರದ ಸಭೆಯಲ್ಲಿ, "ಇಂಗ್ಲಿಷಿನದ್ದು ಸಾಕು. ನಾಳೆಯೇ ಶುರು ಮಾಡುವ" ಎಂದರು.

ಕಾರ್ಯದರ್ಶಿಗಳು ಬೆಂಗಳೂರಿನವರು, ಬ್ಯಾಂಕಿನಲ್ಲಿದ್ದವರು. ಕನ್ನಡಕ ತೆಗೆದರು. "ಸಾರ್, ಬೋರ್ಡಿಗೋಸ್ಕರ ಜಗಳ ಆಡ್ದೋರು ನೀವೇ ತಾನೇ? ಕನ್ನಡ ಲೈಬ್ರರೀಲಿ ಕನ್ನಡ ಪುಸ್ತಕದ ಹೆಸರನ್ನ ಇಂಗ್ಲಿಷಲ್ಲಿ ಹುಡುಕ್ಬೇಕಾ? ಜನ ಉಗೀತಾರೆ."

"ಉಗಿಯಲಿ."

"ಆರು ತಿಂಗಳು ಕಾದ್ರೆ ಎಂತ ಆಗ್ತದೆ ಮಾರಾಯ್ರೆ?" ಎಂದರು ಅಧ್ಯಕ್ಷರು. "ಪುಸ್ತಕ ಎಲ್ಲಿಗಾದ್ರೂ ಓಡಿಹೋಗ್ತದಾ?"

"ಪುಸ್ತಕ ಓಡಿಹೋಗುದಿಲ್ಲ…" ಎಂದು ಮಾಸ್ಟ್ರು ನಿಲ್ಲಿಸಿದರು.

"ಮತ್ತೇನು ಅರ್ಜೆಂಟು? ಫ್ಲಾಪಿಯವನು ಏನಾದ್ರೂ ಕೈಬಿಸಿ ಮಾಡಿದ್ನಾ?" ಕಾರ್ಯದರ್ಶಿಗಳು ನಗುತ್ತಲೇ ಕೇಳಿದರು. ಯಾರೂ ಜೊತೆಗೆ ನಗಲಿಲ್ಲ.

ನಾನು ಬಾಗಿಲ ಬಳಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಒಂದು ಮಾತು ಹೇಳಿದರೆ ಸಾಕಿತ್ತು, ಕಾರ್ಯದರ್ಶಿಗಳ ಬಾಯಿ ಮುಚ್ಚುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಮಾಸ್ಟ್ರು ನನ್ನ ಕಡೆ ತಿರುಗಿದರು.

"ತಂಗಿ, ಚಾ ಆರ್ತಾ ಉಂಟು. ಕೊಡು."

ಕೊಟ್ಟೆ. ಅವರು ಗ್ಲಾಸು ಮುಟ್ಟಲಿಲ್ಲ. ಜೇಬಿನಿಂದ ಲೈಬ್ರರಿಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. "ಆಗುದಿಲ್ಲವಾದ್ರೆ ಇದನ್ನು ಇಟ್ಕೊಳ್ಳಿ. ನಾಳೆಯಿಂದ ಪುಸ್ತಕ ನೀವೇ ಹುಡುಕಿ ಕೊಡಿ."

ಅಧ್ಯಕ್ಷರು ಸುತ್ತ ಕಪಾಟುಗಳ ಕಡೆ, ಅಟ್ಟದ ಕಡೆ ಒಮ್ಮೆ ಕಣ್ಣಾಡಿಸಿದರು. ಬೀಗದ ಕೈಯನ್ನು ಬೆರಳಿನಿಂದ ಹಿಂದಕ್ಕೆ ತಳ್ಳಿದರು. "ಆಯ್ತು, ನಿಮ್ಮ ಹಟವೇ ಆಗ್ಲಿ." ಕಾರ್ಯದರ್ಶಿಗಳು ಅಂದಿನಿಂದ ಮಾಸ್ಟ್ರನ್ನು ಮಾತನಾಡಿಸುವುದನ್ನೇ ಬಿಟ್ಟರು.

ಆಮೇಲೆ ಪ್ರತಿ ಮಧ್ಯಾಹ್ನ ಒಳಗಿನಿಂದ ಚಿಲಕ ಹಾಕಿ ಕೂರುತ್ತಿದ್ದೆವು. ಅವರು ಪುಸ್ತಕ ಮುಟ್ಟಿ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಹೆಸರು, ಬರೆದವರು, ಕಪಾಟು, ಸಾಲು. ಆ ಸಿಸ್ಟಮ್‌ನಲ್ಲಿ ಇದ್ದ ಜಾಗ ಅಷ್ಟೇ. ಆದರೆ ಮಾಸ್ಟ್ರ ಬಾಯಿ ಅಲ್ಲಿಗೆ ನಿಲ್ಲುತ್ತಿರಲಿಲ್ಲ. "ಇದನ್ನು ಲೋಕಲ್‌ನಲ್ಲಿ ಓದುವವರಿಗೆ ಕೊಡ್ಬೇಡ, ಇಳಿಯುವ ಸ್ಟೇಷನ್ ದಾಟಿಹೋಗ್ತಾರೆ." "ಇದು ಹೆಂಡತಿ ಊರಿಗೆ ಹೋದ ಗಂಡಸರಿಗೆ." ನಾನು ಬೆರಳು ಎತ್ತಿ, ಅದನ್ನೆಲ್ಲಿ ಹಾಕಲಿ ಎಂದರೆ, "ಅದಕ್ಕೆ ಜಾಗ ಇಲ್ಲ ತಂಗಿ, ಬಿಡು. ಕಪಾಟು, ಸಾಲು ಬರಿ. ಮುಂದಿನದ್ದು" ಎಂದು ಅವಸರಪಡಿಸುತ್ತಿದ್ದರು.

ಒಂದು ದಿನ ಗಾಜಿನ ಕಪಾಟಿನ ಹಿಂದಿನ ಸಾಲಿನಿಂದ ಒಂದು ಪುಸ್ತಕ ಎಳೆದು ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡರು. "ಇದು ಸಾವಾದ ಮನೆಯವರಿಗೆ. ಕೂಡಲೇ ಅಲ್ಲ, ನೆಂಟರೆಲ್ಲ ಹೋದ ಮೇಲೆ ಕೊಡ್ಬೇಕು" ಎಂದರು. ನಾನು ಹೆಸರು ಹೊಡೆದೆ, ಸಾಲು ಹೊಡೆದೆ. ಮುಂದಿನದ್ದಕ್ಕೆ ಹೋದೆವು.

ಕಪಾಟುಗಳು ಮುಗಿದವು, ಟ್ರಂಕುಗಳು ಮುಗಿದವು. ಅಟ್ಟದ ಪುಸ್ತಕಗಳಿಗೆ ಬರುವಾಗ ಮಾತು ತಡವರಿಸತೊಡಗಿತ್ತು. ಅದೂ ಹೇಗೋ ಮುಗಿಯಿತು. ಕನ್ನಡ ಅಕ್ಷರದ ಕಾರ್ಡು ಬರಬೇಕಿದ್ದ ತಿಂಗಳು ಬರುವಷ್ಟರಲ್ಲಿ ಮಾಸ್ಟ್ರು ಬೆಂಚಿನ ಮೇಲೆ ಕೂತು ಸುತ್ತ ನೋಡಿ, "ಇಷ್ಟೆಲ್ಲ ಪುಸ್ತಕ ಯಾರದ್ದು?" ಎಂದು ಕೇಳಿದರು.

ನಿಮ್ಮದೇ ಎಂದೆ. ಅವರಿಗೆ ತುಂಬ ಸಂತೋಷವಾಯಿತು.

ಜೋಗೇಶ್ವರಿಯಲ್ಲಿದ್ದ ಅವರ ಸ್ವಂತ ತಂಗಿ ಬಂದು ಅವರನ್ನು ಕರೆದುಕೊಂಡು ಹೋದರು. ಆಗಲೇ ಕಮಿಟಿಗೆ ವಿಷಯ ತಿಳಿದದ್ದು. ಕಾರ್ಯದರ್ಶಿಗಳು ಹಣ್ಣು ಹಿಡಿದು ಅಲ್ಲಿಗೆ ಹೋಗಿದ್ದರಂತೆ. ಮಾಸ್ಟ್ರು ಅವರನ್ನು ಗುರುತಿಸದೆ, ಹೊಸ ಓದುಗರೆಂದುಕೊಂಡು, ಕೂತುಕೊಳ್ಳಿ ಎಂದು ಉಪಚಾರ ಮಾಡಿದರಂತೆ. ಮರುವರ್ಷ ಮಾಸ್ಟ್ರು ತೀರಿಹೋದರು…

ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ನಾನು ಲೈಬ್ರರಿಯಲ್ಲಿ ಒಬ್ಬಳೇ ಗಾಜಿನ ಕಪಾಟು ತೆರೆದೆ. ಎದುರಿನ ಸಾಲು ಇಳಿಸಿ, ಹಿಂದಿನ ಸಾಲಿನ ಪುಸ್ತಕಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿದೆ. ಎಲ್ಲವೂ ನಾನು ಹೊಡೆದ ಜಾಗದಲ್ಲೇ ಇದ್ದವು.

ಅಂಟು ಕಾಯಿಸಿದ ಮರುದಿನ, ಲೈಬ್ರರಿಯ ಈಗಿನ ಕಾರ್ಯದರ್ಶಿ ಮನೆಗೆ ಬಂದಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡದ ನಡುವೆ ಹಿಂದಿ ನುಸುಳುತ್ತದೆ. ಲೈಬ್ರರಿಗೆ ವೆಬ್‌ಸೈಟ್ ಮಾಡಿಸುತ್ತಿದ್ದಾರೆ. ಎರಡು ಸಿಸ್ಟಮ್ ತೋರಿಸಿ ಯಾವುದು ಒಳ್ಳೆಯದೆಂದು ಹಳಬರನ್ನೆಲ್ಲ ಕೇಳುತ್ತಿದ್ದಾಳೆ. ಎರಡರಲ್ಲೂ ಕನ್ನಡ ಚೆನ್ನಾಗಿ ಕಾಣುತ್ತಿತ್ತು. "ಆಂಟಿ, ಈ ವಾಲಾ ಜ್ಯಾದಾ ಅಚ್ಛಾ. ಇದ್ರಲ್ಲಿ ಬುಕ್ ಬಗ್ಗೆ ಎಷ್ಟು ಬೇಕಾದ್ರೂ ಬರೀಬಹುದು, ಜಾಗಾ ಕಮ್ಮಿ ಇಲ್ಲ" ಎಂದಳು.

ಅದನ್ನೇ ತೆಗೆದುಕೊಳ್ಳಿ ಎಂದೆ. ನೆನಪಿದ್ದಷ್ಟು ನಾನು ಹೇಳುತ್ತೇನೆ ಎಂದೆ. ಲೋಕಲ್‌ನಲ್ಲಿ ಓದಬಾರದ್ದು ಯಾವುದೆಂದು ನನಗೆ ಗೊತ್ತಿದೆ, ಇನ್ನು ಕೆಲವೂ ಗೊತ್ತಿವೆ. ಸಾವಾದ ಮನೆಯವರಿಗೆ ಕೊಡಬೇಕಾದದ್ದು ಗಾಜಿನ ಕಪಾಟಿನ ಹಿಂದಿನ ಸಾಲಿನಲ್ಲಿದೆ. ಅದು ಯಾವ ಪುಸ್ತಕ ಎಂಬುದು ಮಾತ್ರ ನನಗೆ ಗೊತ್ತಿಲ್ಲ.