ಪಟ್ಟಿಯಲ್ಲಿಲ್ಲದ ಒಂದು ಎಕರೆ

ನಮ್ಮ ಚಿಗವ್ವನ ಹೊಲ ಒಂದು ಮಧ್ಯಾಹ್ನ ಇಲ್ಲವಾಯಿತು. ಬಳಗಾನೂರಿನ ಕಾಲುವೆ ಪಕ್ಕದ ಒಂದು ಎಕರೆ, ಅದರ ತುಂಬ ಬಲಿತ ನೆಲ್ಲು, ಬದುವಿನ ಮೇಲೆ ಚಿಗವ್ವ. ಎಡಗಡೆಯ ಹೊಲ ಕೊಯ್ದ ಕಟಾವು ಮಷೀನು ಆಕೆಯ ಹೊಲ ಬಿಟ್ಟು ಬಲಗಡೆಯದಕ್ಕೆ ಇಳಿಯಿತಂತೆ. ಆಕೆ ಓಡಿಹೋಗಿ ಅಡ್ಡ ನಿಂತರೆ, ಆಂಧ್ರದ ಕಡೆಯ ಡ್ರೈವರು ಫೋನು ತೋರಿಸಿ, "ಲೇದಮ್ಮಾ, ಫೋನ್‌ಲೋ ನೀ ಪೊಲಂ ಲೇದು" ಎಂದನಂತೆ. ಫೋನಿನಲ್ಲಿ ನಿನ್ನ ಹೊಲವೇ ಇಲ್ಲ ಎಂದು.

"ಹೊಲಾನ ಇಲ್ಲಂದ್ರ ನಾ ನಿಂತದ್ದು ಯಾವುದರ ಮ್ಯಾಲ ಬೇ?" ಚಿಗವ್ವ ಫೋನಿನಲ್ಲಿ ನನ್ನನ್ನು ಕೇಳಿದಳು. "ಮುಗಿಲು ಕಪ್ಪಾಗೈತಿ. ಮಳಿ ಬಿತ್ತಂದ್ರ ನೆಲ್ಲು ಮಲಗಿ ಬಿಡತೈತಿ. ಆ ಪಟ್ಟಿ ಮಾಡಾಕಿ ನೀನಽ ಹೌದಲ್ಲ?"

ಹೌದು, ನಾನೇ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ರೈತರು ಸೇರಿ ಕಟ್ಟಿಕೊಂಡ ಒಂದು ಸಂಘದಲ್ಲಿ ನಾನು ಕಂಪ್ಯೂಟರ್ ಕೆಲಸದವಳು, ಕೂರುವುದು ಸಿಂಧನೂರಿನಲ್ಲಿ. ಮಷೀನಿನ ಪಾಳಿ ಯಾರಿಗೆ ಯಾವಾಗ ಎಂದು ಮೊದಲೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಅಷ್ಟರಲ್ಲಿ ಅಧ್ಯಕ್ಷರು ಎಲ್ಲಿಂದಲೋ ಬಿಗ್ ಡೇಟಾ ಎಂಬ ಮಾತು ಕೇಳಿಕೊಂಡು ಬಂದರು. ನಮಗ ಅದ್ಯಾಕ್ರೀ, ನಮ್ಮದು ಸಣ್ಣದು, ಹಾಳೆ ಸಾಕು ಅಂದೆ. "ನಮ್ಮ ಡೇಟಾ ಏನು ಸಣ್ಣದೇನ್ರೀ ಮೇಡಂ?" ಎಂದು ಮುಖ ಊದಿಸಿಕೊಂಡರು. ಅಲ್ಲಿಗೆ ನನ್ನ ಮಾತು ಮುಗಿಯಿತು. ಮೂರು ಊರಿನ ಮೂರು ಕಂಪ್ಯೂಟರುಗಳನ್ನು ಗಂಟು ಹಾಕಿ, ದೊಡ್ಡ ದೊಡ್ಡ ಕಂಪನಿಗಳಿಗೆಂದು ಮಾಡಿದ ಪ್ರೋಗ್ರಾಮನ್ನು ಆ ಬಡಪಾಯಿಗಳ ತಲೆ ಮೇಲೆ ಹೇರಿದೆ.

ಅದರ ಕೆಲಸ ಇಷ್ಟೇ: ಮೂರು ಕಡೆ ಚದುರಿಬಿದ್ದ ಬುಕಿಂಗ್ ಸಾಲುಗಳನ್ನು ಕೂಡಿಸಿ ಒಂದು ಕೋಷ್ಟಕ ಮಾಡಿ ಮಷೀನಿನ ಡ್ರೈವರುಗಳ ಫೋನಿಗೆ ಕಳಿಸುವುದು. ಚದುರಿದ್ದಾಗ ಒಂದು ಸಾಲು ಅಂದರೆ ಬರೀ ಅಕ್ಷರಗಳು. ಹೆಸರು ಯಾವುದು, ಊರು ಯಾವುದು ಎಂದು ಯಂತ್ರಕ್ಕೆ ತಿಳಿಯದು. ಸ್ಕೀಮಾ ಎಂಬ ಅಪ್ಪಣೆಯನ್ನು ನಾವೇ ಬರೆದುಕೊಡಬೇಕು. ಮೊದಲನೆಯದು ಹೆಸರು, ಆಮೇಲೆ ಊರು, ಆಮೇಲೆ ಎಕರೆ, ಎಕರೆ ಅಂದರೆ ಸಂಖ್ಯೆ. ಸಂಖ್ಯೆ ಇರಬೇಕಾದ ಮನೆಯಲ್ಲಿ ಬೇರೇನಾದರೂ ಕಂಡರೆ ಅದು ನಮ್ಮವರ ಹಾಗೆ ಜಗಳ ತೆಗೆಯುವುದಿಲ್ಲ, ಸದ್ದಿಲ್ಲದೆ ಆ ಮನೆಯನ್ನು ಖಾಲಿ ಮಾಡಿಬಿಡುತ್ತದೆ. ಖಾಲಿ ಮನೆ ಇರುವ ಸಾಲನ್ನು ಕಿತ್ತೊಗೆ ಎಂದು ಈ ಕೆಲಸದವರೆಲ್ಲ ಕೊನೆಗೊಂದು ಮಾತು ಬರೆಯುತ್ತಾರೆ. ನಾನೂ ಬರೆದಿದ್ದೆ.

ಚಿಗವ್ವ ಬುಕ್ ಮಾಡಿಸಿದ್ದು ಮಸ್ಕಿಯಲ್ಲಿ. ಸ್ಕೂಟಿ ಹತ್ತಿ ಅಲ್ಲಿಗೆ ಹೋದೆ. ಅಲ್ಲಿ ಬುಕಿಂಗ್ ಹೊಡೆಯುವ ಅಜ್ಜ ಹಿಂದೆ ಕಾಳಿನ ಅಂಗಡಿಯಲ್ಲಿ ಸೇರು ಹಿಡಿದು ಅಳೆಯುತ್ತಿದ್ದವರು. ಅವರ ಸ್ಕ್ರೀನ್ ನೋಡಿದೆ. ಐದು ಎಕರೆಯವನ ಮುಂದೆ 5. ಎರಡು ಎಕರೆಯವನ ಮುಂದೆ 2. ಚಿಗವ್ವನ ಮುಂದೆ, ಕನ್ನಡ ಅಕ್ಷರದಲ್ಲಿ, 'ಲಾಭ'.

"ಇದೇನ್ರೀ ಅಜ್ಜಾರ?"

"ಒಂದು ಎಕರೆ, ಮೇಡಂ."

"ಹಂಗಿದ್ರ ಒಂದು ಅಂತ ಹೊಡೀಬೇಕಿಲ್ರೀ?"

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಯಾವೂರಾಕಿರೀ? ನೆಲ್ಲು ಅಳಿಯಾಗ ಯಾರರ ಒಂದು ಅಂತಾರೇನು? ಮೊದಲ್ನೇ ಸೇರಿಗೆ ಲಾಭ ಅನ್ನಬೇಕು, ಆಮ್ಯಾಲ ಎರಡು, ಮೂರು. ನೆಲ್ಲಿನ ಯವಾರದಾಗ ಒಂದು ಅಂತ ಬರದ್ರ ರೈತಗ ಒಳ್ಳೇದಾಗತೈತೇನ್ರೀ?"

ಅಯ್ಯೋ ನನ್ನ ಕರ್ಮವೇ! ಮಸ್ಕಿ ಕಡೆಯ ಒಂದೆಕರೆಯವರೆಲ್ಲ, ಒಬ್ಬರೂ ಬಿಡದಂತೆ, ಒಳ್ಳೇದಾಗಿ ಮಾಯವಾಗಿದ್ದರು. ಹತ್ತೆಕರೆಯವರ ಕೂದಲೂ ಕೊಂಕಿರಲಿಲ್ಲ. ಅಜ್ಜನಿಗೆ ತಿಳಿಹೇಳುತ್ತ ಕೂತರೆ ಕತ್ತಲಾಗುತ್ತದೆ. 'ಲಾಭ' ಅಂದರೆ 1 ಎಂದು ಓದಿಕೋ ಅಂತ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ ಓಡಿಸಿದೆ.

ಓಡಲಿಲ್ಲ. ಮೂರೂ ಕಂಪ್ಯೂಟರುಗಳು ಹ್ಞೂಂ ಅನ್ನದೆ ಕೋಷ್ಟಕ ಆಗುವುದಿಲ್ಲ, ಲಿಂಗಸುಗೂರಿನದು ಉಸಿರೇ ಬಿಡುತ್ತಿಲ್ಲ. ಅಲ್ಲಿನ ಆಪರೇಟರ್ ಹುಡುಗಿಗೆ ಫೋನು ಹಚ್ಚಿದೆ.

"ಕರೆಂಟ್ ಹೋಗೇತ್ರೀ ಅಕ್ಕಾ. ಲೈನ್‌ಮನ್ ಊಟಕ್ಕ ಹೋಗ್ಯಾನ."

"ಎಷ್ಟೊತ್ತು ಉಣ್ಣತಾನವಾ?"

"ಯಾರದೋ ನಿಶ್ಚಯ ಐತಂತ್ರೀ. ಹೋಳಿಗಿ ಊಟ. ತಡಾ ಆಗತೈತಿ."

ಹೀಗೆ ಬಳಗಾನೂರಿನ ಒಂದು ಎಕರೆ ಭೂಮಿ ಇರಬೇಕೋ ಬೇಡವೋ ಎಂಬುದು ಲಿಂಗಸುಗೂರಿನಲ್ಲಿ ಹೋಳಿಗೆ ತಿನ್ನುತ್ತಿದ್ದ ಲೈನ್‌ಮನ್ ಕೈಗೆ ಬಂತು. ಮತ್ತೆ ಚಿಗವ್ವನ ಫೋನು: "ಹನಿ ಬೀಳಾಕತ್ತಾವ." ಡ್ರೈವರನಿಗೆ ಕೊಡು ಎಂದೆ. ಅವನನ್ನು ಬೇಡಿಕೊಂಡೆ, ಗದರಿದೆ, ಪಟ್ಟಿ ಮಾಡುವವಳು ನಾನೇ ಕಣಯ್ಯ ಎಂದೆ. ಅವನು ಅರೆಬರೆ ಕನ್ನಡದಲ್ಲಿ, "ಫೋನ್‌ನ್ಯಾಗ ಬರ್ಲಿ ಮೇಡಂ, ಕೊಯ್ತೀನಿ. ಪಟ್ಟಿ ಬಿಟ್ಟು ಕೊಯ್ಯಬ್ಯಾಡ ಅಂತ ನೀವೇ ಹೇಳೀರಿ" ಎಂದ. ಹಿಂದೆ ಚಿಗವ್ವ ಮುಗಿಲಿಗೆ ಬೈಯುವುದು ಕೇಳುತ್ತಿತ್ತು. ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಆಕೆಗೆ ಇರುವುದು ಆ ಒಂದೇ ಎಕರೆ. ವರ್ಷದ ಕೂಳು ಅದರಲ್ಲೇ ಬರಬೇಕು.

ಅಂತೂ ಲೈನ್‌ಮನ್ ಉಂಡು, ಎಲೆಅಡಿಕೆ ಹಾಕಿಕೊಂಡು ಬಂದನಂತೆ. ಲಿಂಗಸುಗೂರು ಕಣ್ಣು ಬಿಟ್ಟಿತು. ಕೋಷ್ಟಕ ತುಂಬಿಕೊಂಡಿತು, ಮಾಯವಾಗಿದ್ದ ಒಂದೆಕರೆಯವರೆಲ್ಲ ಸಾಲುಹಿಡಿದು ಮತ್ತೆ ಹುಟ್ಟಿದರು. ಡ್ರೈವರನ ಫೋನಿನಲ್ಲಿ ಚಿಗವ್ವನ ಹೊಲ ಬಂತು, ಅವನು ತಕ್ಷಣ ಮಷೀನು ತಿರುಗಿಸಿದ. ಮಳೆ ಜೋರಾಗುವಷ್ಟರಲ್ಲಿ ಕಾಲುವೆ ಕಡೆಯ ಒಂದು ಮೂಲೆ ಮಲಗಿತು. ಉಳಿದದ್ದು ಟ್ರ್ಯಾಕ್ಟರಿನಲ್ಲಿ ತಾಡಪತ್ರಿ ಹೊದ್ದುಕೊಂಡು ಮನೆ ಸೇರಿತು.

ಬಿಸಿಲು ಬಿದ್ದ ಮೇಲೆ ಬಸ್ ಹಿಡಿದು ಬಳಗಾನೂರಿಗೆ ಹೋದೆ. ಚಿಗವ್ವ ಅಂಗಳದಲ್ಲಿ ಹರವಿದ ನೆಲ್ಲಿನ ಮುಂದೆ ಸೇರು ಹಿಡಿದು ಕೂತಿದ್ದಳು. ನನಗೆ ಚಹಾ ಕೊಟ್ಟಳು, ಅಜ್ಜನ 'ಲಾಭ'ದ ಕತೆ ಕೇಳಿ ಬೈದಳು, ಆಮೇಲೆ ನನ್ನ ಕೈಚೀಲ ಕಸಿದುಕೊಂಡು ಒಂದು ಸೇರು ನೆಲ್ಲು ಸುರಿದಳು.

"ಲಾಭ," ಎಂದಳು.

ಎರಡು, ಮೂರು ಬರುತ್ತವೆಂದು ನಾನು ಚೀಲದ ಬಾಯಿ ಅಗಲ ಮಾಡಿ ಹಿಡಿದೆ. ಆಕೆ ಸೇರು ಬೋರಲು ಹಾಕಿದಳು.

"ಇಷ್ಟಽ ಏನಬೇ ಚಿಗವ್ವಾ?"

"ನಿನ್ನ ಕಂಪ್ಯೂಟರಿನ್ಯಾಗ ಈ ಲಾಭ ಇದ್ದಽ ಇದ್ದಿಲ್ಲಲ್ಲ," ಎನ್ನುತ್ತ ಚಿಗವ್ವ ಚೀಲದ ಬಾಯಿ ಬಿಗಿದು ನನ್ನ ಹೆಗಲಿಗೇರಿಸಿದಳು. "ಇಲ್ಲದ್ದು ಎಷ್ಟು ಭಾರ ಐತಿ ನೋಡು, ಬಸ್ ಸ್ಟ್ಯಾಂಡ್ ತನಕ ಹೊತ್ತುಕೊಂಡು ಹೋಗು."